ನಾನು ಮೈಕ್ರೋವೇವ್ ತಜ್ಞೆಯಾದದ್ದು

ತನ್ವಿ, ಸೋಹಂ, ಇದನ್ನು ನಿಮಗಾಗಿ ಬರೆಯುತ್ತಿದ್ದೇನೆ. ಕನ್ನಡ ಮಾತಾಡಿದರೆ ನಿಮಗೆ ತಿಳಿಯುತ್ತದೆ, ಓದಲು ಬರುವುದಿಲ್ಲ ಎಂಬುದು ನನಗೆ ಗೊತ್ತಿದೆ. ನಿಜ ಹೇಳಬೇಕೆಂದರೆ ಅದರಿಂದಲೇ ಬರೆಯುವ ಧೈರ್ಯ ಬಂದಿದೆ. ಕೇಳುವವರಿಗೆ ತಕ್ಷಣ ತಲುಪದ ಮಾತು ನನ್ನಂಥ ನಾಚಿಕೆಯವರಿಗೆ ಬಹಳ ಹಿತ. ನಾಚಿಕೆಯವರು ಮಾತಾಡುವುದಿಲ್ಲ ಎಂದು ಜನ ತಿಳಿದಿದ್ದಾರೆ. ಅದು ತಪ್ಪು. ನಾವು ಬೇಕಾದಷ್ಟು ಮಾತಾಡುತ್ತೇವೆ, ಹೇಳಬೇಕಾದ ಒಂದೇ ಒಂದು ಮಾತನ್ನು ಬಿಟ್ಟು ಉಳಿದದ್ದನ್ನೆಲ್ಲ ಹೇಳುತ್ತೇವೆ.

ಸಿಂದಗಿ ಕಡೆಯ ನಮ್ಮೂರ ಶಾಲೆಯಲ್ಲಿ ನನ್ನ ಮುಂದೆ ಗಂಗವ್ವ ಎಂಬ ಎತ್ತರದ ಹುಡುಗಿ ಕೂರುತ್ತಿದ್ದಳು. ಮಾಸ್ತರು ಒಮ್ಮೆ, "ಏ ಹುಡುಗಿ, ನಿನಗ ಬೋರ್ಡ್ ಕಾಣಸ್ತದೇನ?" ಎಂದು ಕೇಳಿದರು. ನಾನು ಎದ್ದು ನಿಂತು, "ಕಾಣಸ್ತದ್ರೀ ಸರ್" ಅಂದೆ. ಆ ವರ್ಷದ ಗಣಿತವನ್ನೆಲ್ಲ ಕಿವಿಯಿಂದ ಕಲಿತೆ. ಕಣ್ಣಿಗೆ ಕಂಡದ್ದು ಗಂಗವ್ವನ ಜಡೆ ಮಾತ್ರ. ಮದುವೆಯಾಗಿ ಮುಂಬೈಯ ಚೆಂಬೂರಿಗೆ ಬಂದ ಮೊದಲ ದಿನ ನಿಮ್ಮ ಅಜ್ಜ ತಾವೇ ಚಹಾ ಮಾಡಿಕೊಟ್ಟು, "ಶುಂಠಿ ಹಾಕೇನಿ, ನಡೀತದಲ್ಲಾ?" ಎಂದರು. ನನಗೆ ಶುಂಠಿ ಆಗುತ್ತಿರಲಿಲ್ಲ. "ನಡೀತದ್ರೀ" ಎಂದೆ. ಅವರು ಇರುವವರೆಗೂ ನಡೆಯಿತು. ಈಗ ಕೇಳುವವರಿಲ್ಲ, ಆದರೂ ಬೆಳಿಗ್ಗೆ ಕೈ ತಾನಾಗಿಯೇ ಶುಂಠಿ ಜಜ್ಜುತ್ತದೆ. ಇಂಥವಳ ತಲೆಯ ಮೇಲೆ ಮೈಕ್ರೋವೇವ್ ಆರಿಸುವ ಕೆಲಸ ಬಿತ್ತು.

ಆದದ್ದು ಹೀಗೆ. ಮೇಲಿನ ಮನೆಯವರ ನಲ್ಲಿಯ ನೀರು ನಮ್ಮ ಅಡಿಗೆಮನೆಯ ಗೋಡೆಗೆ ಇಳಿದು, ಸುಣ್ಣ ಉದುರಿ, ಕಟ್ಟಿಗೆಯ ಕಪಾಟುಗಳು ಉಬ್ಬಿಕೊಂಡವು. ರಿಪೇರಿಗೆ ಎಂದು ಶುರುವಾದ ಮಾತು ವಾರದೊಳಗೆ ಹೊಸ ಅಡಿಗೆಮನೆಯವರೆಗೆ ಬೆಳೆಯಿತು. ನಿಮ್ಮ ಅಮ್ಮ ವೀಣಾ ಹುಟ್ಟಿ ಬೆಳೆದದ್ದು ಅಂಧೇರಿಯಲ್ಲಿ. ಅವಳಿಗೆ ಮೊದಲಿನಿಂದಲೂ ಒಂದು ಆಸೆಯಿತ್ತು: ಆಳವಾದ ಡ್ರಾಯರುಗಳು, ಬೆರಳು ತಾಗಿಸಿದರೆ ಸದ್ದಿಲ್ಲದೆ ತಾವೇ ಮುಚ್ಚಿಕೊಳ್ಳುವಂಥವು, ಅವುಗಳಲ್ಲಿ ಅವಳ ತಟ್ಟೆಗಳು. ತನಗೆಂದು ಕೇಳಿದ್ದು ಅದೊಂದೇ. ಉಳಿದದ್ದೆಲ್ಲ ನನಗಾಗಿ. ಅದರಲ್ಲೂ ದೊಡ್ಡದು ಬಿಲ್ಟ್-ಇನ್ ಮೈಕ್ರೋವೇವ್. ಅಂದರೆ ಕಟ್ಟೆಯ ಮೇಲೆ ಕೂರುವುದಲ್ಲ, ದೇವರ ಗೂಡಿನಲ್ಲಿ ದೇವರು ಕೂತಂತೆ ಎತ್ತರದ ಕಪಾಟಿನೊಳಗೆ ಕೂತು ಬಿಡುವುದು.

"ಅತ್ತಿ, ಇನ್ನ ಮ್ಯಾಲ ನೀವು ಗ್ಯಾಸ್ ಮುಂದ ತಾಸಗಟ್ಲೆ ನಿಂದರೂದು ಬಂದ್. ಡಬ್ಬಾ ಒಳಗಿಟ್ಟು ಬಟನ್ ಒತ್ತೂದು, ಸೋಫಾದ ಮ್ಯಾಲ ಕೂಡೂದು. ಬಸ್!" ಎಂದು ವೀಣಾ ನನ್ನ ಮೊಣಕಾಲು ಮುಟ್ಟಿ ಹೇಳಿದಳು. ಅವಳ ಕಣ್ಣಲ್ಲಿ ಎಂಥ ಖುಷಿ ಇತ್ತೆಂದರೆ, ನಾನು "ಛಲೋ ಆತವಾ" ಎಂದೆ.

ಮರುದಿನ ಡಿಸೈನರ್ ಹುಡುಗಿ ರಿಯಾ ಬಂದು ಫೋನಿನಲ್ಲಿ ಗೋಡೆಗಳ ಚಿತ್ರ ತೆಗೆದು, ಎತ್ತರದ ಕಪಾಟು ಎಲ್ಲಿ ಬರುತ್ತದೆಂದು ಬೆರಳಿನಿಂದ ತೋರಿಸಿದಳು. ಅವಳ ಬೆರಳು ಗ್ಯಾಸಿನ ಎಡಕ್ಕೆ, ಕಿಟಕಿಯ ಪಕ್ಕದ ಕಪ್ಪು ಕಲ್ಲಿನ ಕಟ್ಟೆಯ ಮೇಲಿತ್ತು. ಅದು ನಾನು ರೊಟ್ಟಿ ತಟ್ಟುವ ಜಾಗ.

ನೀವು ಆ ಕಲ್ಲನ್ನು ದಿನವೂ ನೋಡಿದ್ದೀರಿ, ಆದರೂ ಹೇಳುತ್ತೇನೆ. ಜೋಳದ ರೊಟ್ಟಿಗೆ ಚಪಾತಿಯ ಹಾಗೆ ಮಣೆ, ಲಟ್ಟಣಿಗೆ ಸಾಲುವುದಿಲ್ಲ. ಹಿಟ್ಟಿನ ಉಂಡೆಯನ್ನು ಕಲ್ಲಿನ ಮೇಲಿಟ್ಟು, ಒಂದು ಅಂಗೈಯಿಂದ ತಟ್ಟುತ್ತ ಇನ್ನೊಂದರಿಂದ ತಿರುಗಿಸುತ್ತ ಹೋಗಬೇಕು. ಅದು ದೊಡ್ಡದಾದಂತೆ ಮೊಣಕೈಗಳೂ ಅಗಲವಾಗುತ್ತವೆ. ಅದಕ್ಕೆ ಜಾಗ ಬೇಕು. ಜಾಗಕ್ಕಿಂತ ಹೆಚ್ಚಾಗಿ ನನಗೆ ಆ ಸದ್ದು ಬೇಕು. ಪಟಪಟ ಎಂದು ರೊಟ್ಟಿ ತಟ್ಟುತ್ತಿರುವವಳನ್ನು ಯಾರೂ ಮಾತಾಡಿಸುವುದಿಲ್ಲ. ಹೊಸದಾಗಿ ಬಂದಾಗ ಅಕ್ಕಪಕ್ಕದವರ ಮರಾಠಿ, ಹಿಂದಿ ಒಂದೂ ತಿಳಿಯದೆ, ಯಾರಾದರೂ ಬಾಗಿಲು ಬಡಿದರೆ ನಾನು ಹಿಟ್ಟಿನ ಡಬ್ಬಿ ತೆಗೆಯುತ್ತಿದ್ದೆ. ನಿಮ್ಮ ಅಜ್ಜ ಹೋದ ಮೇಲೆ ಮನೆ ತುಂಬ ಸಮಾಧಾನ ಹೇಳುವವರು ಬಂದರು. ಎಲ್ಲರೂ ಒಳ್ಳೆಯವರೇ. ಅವರಿಗೆ ಏನು ಉತ್ತರ ಕೊಡಬೇಕೆಂದು ತಿಳಿಯದೆ ನಾನು ಒಳಗೆ ಹೋಗಿ ರೊಟ್ಟಿ ತಟ್ಟಿದೆ. ಬಂದವರಿಗೆಲ್ಲ ಊಟವಾಗಿ ಇನ್ನೂ ಬುಟ್ಟಿ ತುಂಬ ಉಳಿದವು. ಆ ಕಲ್ಲು ಹೋದರೆ ನಾನು ಇಡೀ ದಿನ ಸೋಫಾದ ಮೇಲೆ ಕೂರಬೇಕು. ಸೋಫಾದ ಮೇಲೆ ಕೂತವರನ್ನು ಜನ ಮಾತಾಡಿಸುತ್ತಾರೆ.

"ಈ ಜಾಗ ಬಿಡ್ರಿ" ಎಂದು ಅಂದೇ ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಸೊಸೆ ಪ್ರೀತಿಯಿಂದ ಕೊಡುತ್ತಿರುವುದನ್ನು ಬೇಡವೆನ್ನುವುದು ಹೇಗೆ? ನಾಚಿಕೆಯವರಿಗೆ ಗೊತ್ತಿರುವ ಉಪಾಯ ಒಂದೇ. ಬೇಡ ಎನ್ನುವುದಿಲ್ಲ, ತಡ ಮಾಡುತ್ತೇವೆ. ಮೈಕ್ರೋವೇವ್ ಒಪ್ಪಿಗೆಯಾಗದಿದ್ದರೆ ಅಳತೆ ಸಿಗುವುದಿಲ್ಲ, ಅಳತೆ ಸಿಗದಿದ್ದರೆ ಕಪಾಟು ಆಗುವುದಿಲ್ಲ, ಕಪಾಟು ಆಗದಿದ್ದರೆ ಕಲ್ಲು ಉಳಿಯುತ್ತದೆ. ಇಷ್ಟು ಲೆಕ್ಕ ಹಾಕಿ ನಾನು ಚಪ್ಪಲಿ ಮೆಟ್ಟಿದೆ.

ಮೊದಲು ನೋಡಿದ್ದು ಚೆಂಬೂರು ಸ್ಟೇಷನ್ ಹತ್ತಿರದ ಅಂಗಡಿಯಲ್ಲಿ. ಅಲ್ಲಿಯದರ ಬಾಗಿಲು ಮುಂದಕ್ಕೆ ಕೆಳಗೆ ಬೀಳುತ್ತಿತ್ತು. ನಾನು ವೀಣಾಳ ಕಿವಿಯಲ್ಲಿ, "ಲಾರಿ ಹಿಂದಿನ ಫಳಿ ಬಿಚ್ಚಿಧಂಗ ಬೀಳ್ತದಲ್ಲವಾ, ಬಿಸಿ ಪಾತೇಲಿ ತೆಗಿಯೂವಾಗ ಕೈ ಉದ್ದ ಚಾಚಬೇಕು" ಎಂದು ಪಿಸುಗುಟ್ಟಿದೆ. ಅದನ್ನು ಅವಳು ಅಂಗಡಿಯವನಿಗೆ ಹಿಂದಿಯಲ್ಲಿ ಜೋರಾಗಿ ಹೇಳಿದಳು. ಅವನು ಬಾಗಿಲನ್ನು ಎರಡು ಸಲ ಬೀಳಿಸಿ ನೋಡಿ, "ಪಾಯಿಂಟ್ ಹೈ" ಎಂದ. ನಾನು ನೆಪಕ್ಕೆ ಹೇಳಿದ್ದು ಖರೆಯಾಗಿಬಿಟ್ಟಿತ್ತು. ವೀಣಾ ನನ್ನನ್ನು ಹೊಸಬಳನ್ನು ನೋಡುವಂತೆ ನೋಡಿದಳು.

ಮುಂದಿನ ಶನಿವಾರ ಬಾಂದ್ರಾ. ಅಲ್ಲಿಯ ಶೋರೂಮಿನಲ್ಲಿ ಕೂರಲು ಕುರ್ಚಿ ಕೊಟ್ಟು ಕಾಫಿ ಕೇಳಿದರು. ಕಾಫಿ ನನಗೆ ಬೇಡವಾಗಿತ್ತು, ಕುಡಿದೆ. ಅವರು ತೋರಿಸಿದ್ದು ಇಡೀ ಕಪ್ಪು ಗಾಜು, ಒಂದೂ ಗುಂಡಿಯಿಲ್ಲ, ಬೆರಳು ಸವರಿದರೆ ಅಂಕಿ ಹೊತ್ತುತ್ತದೆ. ನಾನು ಬೆರಳು ಇಟ್ಟೆ. ಏನೂ ಹೊತ್ತಲಿಲ್ಲ. ಇಷ್ಟು ವರ್ಷ ಬಿಸಿ ಹಂಚಿನ ಮೇಲೆ ರೊಟ್ಟಿ ತಿರುವಿದ ಬೆರಳು ಅದಕ್ಕೆ ಬೆರಳೆಂದು ಅನ್ನಿಸಲಿಲ್ಲವೇನೋ. ನಿಮ್ಮ ಅಪ್ಪ ಮಹಾಂತೇಶ ಒತ್ತಿದ, ಹೊತ್ತಿತು. "ಅವ್ವಾ, ಜರಾ ಜೋರ್ ಒತ್ತು" ಎಂದ. ಒತ್ತಿದೆ, ಗಾಜು ಒಡೆಯುವ ಭಯವಾಯಿತು. "ಹಿಟ್ಟಿನ ಕೈಗೆ, ಹಸಿ ಕೈಗೆ ಇದು ನಡಿಯೂದಿಲ್ಲವಾ" ಎಂದು ವೀಣಾಳ ಕಿವಿಗೆ ಹೇಳಿದೆ. ಪಕ್ಕದಲ್ಲಿ ಒಬ್ಬ ಶ್ರೀಮಂತ ಹೆಂಗಸು ಅದೇ ಯಂತ್ರಕ್ಕೆ ಹೂಂ ಎನ್ನುವುದರಲ್ಲಿದ್ದಳು. ವೀಣಾ ಹಿಂದಿಯಲ್ಲಿ ಹೇಳಿದ್ದನ್ನು ಕೇಳಿ ಅವಳೂ ತನ್ನ ಬೆರಳನ್ನು ನೀರಲ್ಲಿ ಅದ್ದಿ ಒತ್ತಿ ನೋಡಿ, ಏನೂ ಆಗದ್ದಕ್ಕೆ ಎದ್ದು ಹೋದಳು. ಸೇಲ್ಸ್‌ಮನ್ ನನಗೆ ಕೈ ಮುಗಿದು, "ಮಾತಾಜಿ, ಆಪ್ ಕೋ ತೋ ಸಬ್ ನಾಲೆಜ್ ಹೈ" ಎಂದ. ಆ ಮುಗಿದ ಕೈಗಳಲ್ಲಿ, ದಯವಿಟ್ಟು ಬೇರೆ ಅಂಗಡಿಗೆ ಹೋಗಿ ಎಂಬ ಬೇಡಿಕೆಯೂ ಇತ್ತು.

ಅಲ್ಲಿಂದ ಮುಂದೆ ಸಂಗತಿ ನನ್ನ ಕೈ ಮೀರಿತು. ಒಂದರ ಸದ್ದು ಜೋರು ಎಂದೆ, ಇನ್ನೊಂದರ ದೀಪ ಮಂದ ಎಂದೆ, ಮತ್ತೊಂದರ ಒಳಗೆ ಮೂಲೆ ಒರೆಸಲು ಬೆರಳು ಹೋಗುವುದಿಲ್ಲ ಎಂದೆ. ಮಹಾಂತೇಶ ಆಫೀಸಿನಲ್ಲಿ, "ನಮ್ಮ ಅವ್ವನ್ನ ಕೇಳದ ಮೈಕ್ರೋವೇವ್ ತಗೋಬ್ಯಾಡ್ರಿ" ಎಂದು ಹೇಳಿಬಂದ. ಅವನ ಗೆಳೆಯರೊಬ್ಬರು ಫೋನ್ ಮಾಡಿ ಸಲಹೆ ಕೇಳಿದರು. ಕೆಳಗಿನ ಮನೆಯ ಜೋಶಿ ಕಾಕು ಲಿಫ್ಟಿನಲ್ಲಿ ಹಿಡಿದು, "ಕನ್ವೆಕ್ಷನ್ ಘೇಊ ಕಿ ಸಾಧಾ?" ಎಂದು ಯಾವುದು ಕೊಳ್ಳಲೆಂದು ಕೇಳಿದರು. ಕನ್ವೆಕ್ಷನ್ ಎಂದರೆ ಏನೆಂದು ನನಗೆ ಇವತ್ತಿಗೂ ಸರಿಯಾಗಿ ತಿಳಿಯದು. ಮನೆ ಬರುವವರೆಗೆ ಯೋಚಿಸುವವಳ ಹಾಗೆ ಲಿಫ್ಟಿನ ದೀಪ ನೋಡುತ್ತ ನಿಂತು, ಬಾಗಿಲು ತೆರೆದಾಗ, "ಬಾಗ್ಲಾ ಬಾಜೂಕ ತೆರೀಬೇಕು" ಎಂದೆ. ಅವರು ಗಂಭೀರವಾಗಿ ತಲೆಯಾಡಿಸಿದರು. ಜೀವಮಾನವಿಡೀ ಯಾರೂ ನನ್ನ ಸಲಹೆ ಕೇಳಿರಲಿಲ್ಲ. ಈಗ ಎಲ್ಲರೂ ಕೇಳುತ್ತಿದ್ದರು. ಅದೂ ನನಗೆ ಬೇಡವಾದ ವಸ್ತುವಿನ ಬಗ್ಗೆ. ಕಾಲು ಊದಿಕೊಂಡಿದ್ದವು. ಶನಿವಾರ ಬಂದರೆ ಸಾಕು, ಬೆಳಿಗ್ಗೆಯಿಂದಲೇ ಬೆನ್ನು ನೋಯುತ್ತಿತ್ತು.

ಕೊನೆಗೆ ಅಂಧೇರಿಯ ಅಂಗಡಿಯಲ್ಲಿ ನಾನು ಸಿಕ್ಕಿಬಿದ್ದೆ. ಆ ಯಂತ್ರದ ಬಾಗಿಲು ಪಕ್ಕಕ್ಕೆ ತೆರೆಯುತ್ತಿತ್ತು. ಗುಂಡಿ ರೇಡಿಯೋದ ಹಾಗೆ ತಿರುಗಿಸುವಂಥದು. ಮುಗಿದಾಗ ದೇವರ ಮನೆಯ ಸಣ್ಣ ಗಂಟೆಯಂತೆ ಒಮ್ಮೆ ಠಣ್ ಎನ್ನುತ್ತಿತ್ತು. ದೀಪ ಬೆಳ್ಳಗಿತ್ತು, ಮೂಲೆಗಳು ದುಂಡಗಿದ್ದವು. ನಾನು ಈವರೆಗೆ ಆಡಿದ ಒಂದೊಂದು ತಕರಾರನ್ನೂ ಕೇಳಿಸಿಕೊಂಡು ಯಾರೋ ಮಾಡಿಸಿದಂತಿತ್ತು. ವೀಣಾ ನನ್ನ ಮುಖವನ್ನೇ ನೋಡುತ್ತಿದ್ದಳು. ನನ್ನಲ್ಲಿ ಒಂದು ಕೊನೆಯ ಅಸ್ತ್ರವಿತ್ತು. ಹೊರಗಿನದು ತಿನ್ನಲಾರೆನೆಂದು ನಾನು ಚೀಲದಲ್ಲಿ ಬಟ್ಟೆ ಸುತ್ತಿದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಇಟ್ಟುಕೊಂಡೇ ಬರುತ್ತಿದ್ದೆ. "ಇದರಾಗ ರೊಟ್ಟಿ ಹಿಡಿಸ್ತದೇನ ಕೇಳು" ಎಂದೆ.

"ಪಚ್ಚೀಸ್ ಲೀಟರ್ ಹೈ, ಮಾತಾಜಿ" ಎಂದ ಅಂಗಡಿಯವನು. ರೊಟ್ಟಿಯನ್ನು ಲೀಟರಿನಲ್ಲಿ ಅಳೆಯುವುದು ನನಗೆ ಬರುವುದಿಲ್ಲ. ಚೀಲದಿಂದ ರೊಟ್ಟಿ ತೆಗೆದು ಒಳಗಿನ ಗಾಜಿನ ತಟ್ಟೆಯ ಮೇಲಿಟ್ಟೆ. ಸುತ್ತಲೂ ಹೊರಗೆ ಚಾಚಿತು. ತಟ್ಟೆ ತಿರುಗಿಸಿದರೆ ರೊಟ್ಟಿಯ ಅಂಚು ಗೋಡೆಗೆ ತಾಗಿ ಟಕ್ ಎಂದು ನಿಂತಿತು. ಎಂಥ ನೆಮ್ಮದಿ ಆಯಿತು! ಮನೆಗೆ ಹೋಗಲು ಸೆರಗು ಸರಿಪಡಿಸಿಕೊಂಡೆ. ಅಷ್ಟರಲ್ಲಿ ಅವನು, "ಏಕ್ ಮಿನಿಟ್!" ಎಂದು ಓಡಿಹೋಗಿ ಅದರದೇ ದೊಡ್ಡಣ್ಣನನ್ನು ತೋರಿಸಿದ. ಅದೇ ಬಾಗಿಲು, ಅದೇ ಗುಂಡಿ, ಮೂವತ್ತೆರಡು ಲೀಟರ್. ರೊಟ್ಟಿ ಅದರಲ್ಲಿ ತೊಟ್ಟಿಲಲ್ಲಿ ಮಗು ಮಲಗಿದಂತೆ ಮಲಗಿತು. ತಟ್ಟೆ ಸುತ್ತತೊಡಗಿತು. ಅಂಗಡಿಯ ಹುಡುಗಿಯರು ಬಂದು ನೋಡಿದರು, ಒಬ್ಬಳು, "ಯೇ ಪಾಪಡ್ ಹೈ ಕ್ಯಾ?" ಎಂದಳು. ಮಹಾಂತೇಶ ಅದನ್ನು ಮುರಿದು ಚಟ್ನಿ ಹಚ್ಚಿ ಎಲ್ಲರಿಗೂ ಕೊಟ್ಟ. ನನ್ನ ಅಸ್ತ್ರವನ್ನು ಅವರು ನನ್ನೆದುರಿಗೇ ತಿಂದು ಮುಗಿಸಿದರು.

"ಫೈನಲ್ ಅಲ್ಲಾ ಅತ್ತಿ?" ಎಂದಳು ವೀಣಾ.

"ಛಲೋ ಅದವಾ" ಎಂದೆ.

ಮೈಕ್ರೋವೇವಿನ ಡಬ್ಬಿ ಮನೆಗೆ ಬಂದು ಹಾಲ್‌ನಲ್ಲಿ ಕೂತಿತು. ಸೋಹಂ, ನೀನು ಅದರ ಮೇಲೆ ಕ್ಯಾರಂ ಬೋರ್ಡ್ ಇಟ್ಟು ಆಡಿದ್ದು ನೆನಪಿದೆಯೇ? ನಾನು ಅದರ ಪಕ್ಕದಿಂದ ಹೋಗುವಾಗಲೆಲ್ಲ ಅದು ನನ್ನ ಜಾಗದ ಅಳತೆ ತೆಗೆಯುತ್ತಿರುವಂತೆ ಅನ್ನಿಸುತ್ತಿತ್ತು. ಭಾನುವಾರ ಬೆಳಿಗ್ಗೆ ರಿಯಾ ಬಂದು ಕಿಟಕಿಯ ಪಕ್ಕದ ಗೋಡೆಗೆ ಹಳದಿ ಟೇಪು ಅಂಟಿಸಿದಳು. ಮಾರನೆಯ ದಿನ ಕಲ್ಲು ಒಡೆಯುವವರು ಬರುವವರಿದ್ದರು. ನಾನು ಆ ಟೇಪಿನ ಗೆರೆಯ ಒಳಗೇ ನಿಂತು ರೊಟ್ಟಿ ತಟ್ಟುತ್ತಿದ್ದೆ. ನೀವಿಬ್ಬರೂ ಬೆಣ್ಣೆಯ ಬಟ್ಟಲು ಹಿಡಿದು ಪಕ್ಕದಲ್ಲಿ ಕಾಯುತ್ತಿದ್ದಿರಿ.

"ಆಜಿ, ಹೈಟ್ ಕಿತನಾ ರಖೂಂ?" ಎಂದು ರಿಯಾ ಕಪಾಟಿನ ಎತ್ತರ ಕೇಳಿದಳು.

"ಅವ್ವನ್ನ ಕೇಳಿದ್ದ ಛಲೋ ಆತು, ಅಕಿನ ಎಕ್ಸ್‌ಪರ್ಟ್" ಎಂದ ಮಹಾಂತೇಶ ನಗುತ್ತ.

ಎಲ್ಲರೂ ನನ್ನತ್ತ ನೋಡಿದರು. ನಾನು ತಟ್ಟುವುದನ್ನು ನಿಲ್ಲಿಸಿದೆ. ಏನಾದರೂ ಒಂದು ತಕರಾರು ಹುಡುಕಿದೆ, ಇರಲಿಲ್ಲ. ಬಾಗಿಲು ನಾನೇ ಆರಿಸಿದ್ದು, ಗುಂಡಿ ನಾನೇ ಆರಿಸಿದ್ದು, ಗಂಟೆಯೂ ನನ್ನದೇ. ಉಳಿದದ್ದು ಆ ಒಂದೇ ಮಾತು. ಅದು ಹೇಗೋ ಬಾಯಿಂದ ಹೊರಗೆ ಬಂದುಬಿಟ್ಟಿತು.

"ನಾ ಎಲ್ಲಿ ನಿಂದರ್ಲಿ?"

ರಿಯಾ ಅರ್ಥವಾಗದೆ ವೀಣಾಳತ್ತ ನೋಡಿದಳು. ಇಷ್ಟು ದಿನ ನನ್ನ ಪಿಸುಮಾತನ್ನೆಲ್ಲ ಜೋರಾಗಿ ಹಿಂದಿಗೆ ತಿರುಗಿಸುತ್ತಿದ್ದ ವೀಣಾ ಮೊದಲ ಸಲ ಹಿಂದಿ ಬಿಟ್ಟು ನನ್ನತ್ತ ತಿರುಗಿದಳು. "ಏನಂದ್ರಿ ಅತ್ತಿ?" ಎಂದಳು. ಕಷ್ಟದ ಮಾತನ್ನು ಒಮ್ಮೆ ಹೇಳಬಹುದು, ಎರಡನೆಯ ಸಲ ಹೇಳುವುದು ಬಹಳ ಕಷ್ಟ. ಹಿಟ್ಟಿನ ಕೈ ನೋಡುತ್ತ, "ಆ ಕಪಾಟು ಇಲ್ಲಿ ಬಂದ್ರ, ರೊಟ್ಟಿ ತಟ್ಟಾಕ ನಾ ಎಲ್ಲಿ ನಿಂದರ್ಲಿ ಅಂದೆ" ಎಂದೆ.

ವೀಣಾ ಸ್ಟೂಲಿನ ಮೇಲೆ ಕುಸಿದು ಕೂತಳು. "ಮತ್ತ ಆ ಬಾಗ್ಲಾ ಲಾರಿ ಫಳಿಗತೆ ಅಂದದ್ದು?"

"ಅದು ಖರೇನ ಹೌದು."

"ಬೆರಳು ಹತ್ತಲ್ಲ ಅಂದದ್ದು?"

"ಅದೂ ಖರೆ."

"ಆ ಸೌಂಡು?"

"ಸೌಂಡೇನ ಅಷ್ಟ ಇರಲಿಲ್ಲ ಬಿಡವಾ."

ಮಹಾಂತೇಶ ಗೋಡೆಗೆ ಒರಗಿ ನಕ್ಕ. ವೀಣಾ ನಗಲಿಲ್ಲ. "ನಿಮ್ಮ ಕಾಲು ನೋಯತಾವ ಅಂತ ನಾ ಇಷ್ಟೆಲ್ಲಾ ಮಾಡಿದ್ದು. ಆ ಕಾಲ ಮ್ಯಾಲೇ ನೀವು ಸಾರಾ ಮುಂಬೈ ಅಡ್ಡಾಡಿದ್ರಿ. ಈ ಒಂದು ಮಾತು ಹೇಳಾಕ ಬರಲಿಲ್ಲಾ?" ಎಂದಳು.

"ಇಲ್ಲಿ ನಿಂತ್ರೂ ನೋಯತಾವ, ಖರೆ ಅದ" ಎಂದೆ. "ಆದ್ರ ಇಲ್ಲಿ ನಿಂತಾಗ ನೋಯೂದು ನನಗ ನಡೀತದ. ನೀ ಇಷ್ಟ ಪ್ರೀತೀಲೆ ಕೊಡಾಕ ಹತ್ತಿದ್ದಿ, ಬ್ಯಾಡ ಅಂತ ಹ್ಯಾಂಗ ಅನ್ನಲಿ?"

ಆಗ ಸೋಹಂ, ನೀನು ಬೆಣ್ಣೆಯ ಬಟ್ಟಲು ಎತ್ತಿ ಹಿಡಿದು ನಿನ್ನ ಮೂರು ಭಾಷೆಗಳಲ್ಲಿ ಕೇಳಿದೆ: "ಮಮ್ಮಾ, ಫಿರ್ ಗರಮ್ ರೊಟ್ಟಿ ನಾಳೆಯಿಂದ ಕ್ಯಾನ್ಸಲ್ ಏನು?" ತನ್ವಿ, ನೀನು ಏನೂ ಹೇಳದೆ ಗೋಡೆಯ ಹಳದಿ ಟೇಪಿನ ತುದಿಯನ್ನು ಉಗುರಿನಿಂದ ಬಿಡಿಸತೊಡಗಿದೆ. ನಿನ್ನನ್ನು ನೋಡಿ ನನಗೆ ನನ್ನದೇ ನೆನಪಾಯಿತು.

ಮಹಾಂತೇಶ ಹಿಂದಿಯಲ್ಲಿ ವಿಷಯ ತಿಳಿಸಿದ ಮೇಲೆ ರಿಯಾ ಮತ್ತೆ ಅಳತೆ ಹಿಡಿದಳು. ಅಡಿಗೆಮನೆ ನಮ್ಮದು ಎಷ್ಟು ಅಂತ ದೊಡ್ಡದು? ಆ ಡಬ್ಬಿಗೆ ಹಿಂದೆ ಗಾಳಿಯಾಡಲು ಸಂದು ಬೇರೆ ಬೇಕಂತೆ. ಕಿಟಕಿಯ ಜಾಗ ಬಿಟ್ಟರೆ ಅದು ಹಿಡಿಯುವುದು ಒಂದೇ ಕಡೆ, ಫ್ರಿಜ್ಜಿನ ಪಕ್ಕದ ಕಟ್ಟೆಯ ಕೆಳಗೆ, ನೆಲದಿಂದ ಒಂದೆರಡು ಗೇಣು ಮೇಲೆ. ಅದು ವೀಣಾಳ ಡ್ರಾಯರುಗಳ ಜಾಗ. ನಾನು ಬಾಯಿ ತೆರೆಯುವ ಮೊದಲೇ ಅವಳು, "ಅಲ್ಲೇ ಹಾಕ್ರಿ. ತಾಟು ಎಲ್ಲಿದ್ರೂ ತಾಟ" ಎಂದು ಎದ್ದು, ಹಂಚಿನ ಮೇಲೆ ಕರಕಾಗುತ್ತಿದ್ದ ರೊಟ್ಟಿಯನ್ನು ಮಗುಚಿ ಹಾಕಿದಳು. ಅದು ಮುರಿಯಿತು. ಮುರಿದದ್ದನ್ನೇ ಅವಳು ತಿಂದಳು. ಅವಳ ತಟ್ಟೆಗಳು ಇಂದಿಗೂ ನೀರು ತಾಗದೆ ಉಳಿದ ಒಂದು ಹಳೆಯ ಕಪಾಟಿನಲ್ಲಿವೆ, ಬಾಗಿಲು ಕಿರ್ರೆನ್ನುತ್ತದೆ. ಆ ಸದ್ದು ಕೇಳಿದಾಗಲೆಲ್ಲ ನಾನು ರೊಟ್ಟಿಯನ್ನು ಸ್ವಲ್ಪ ಮೆತ್ತಗೆ ತಟ್ಟುತ್ತೇನೆ.

ಹೀಗೆ ಕಲ್ಲು ಉಳಿಯಿತು. ಗೆದ್ದೆನೆಂದು ತಿಳಿಯಬೇಡಿ. ಮೈಕ್ರೋವೇವ್ ಮೊಣಕಾಲಿನ ಮಟ್ಟಕ್ಕೆ ಇಳಿದದ್ದರಿಂದ ಮಹಾಂತೇಶನಿಗೆ ಸೊಂಟ ಬಗ್ಗುವುದಿಲ್ಲ, ವೀಣಾಳಿಗೆ ಬೆಳಗಿನ ಲೋಕಲ್ ರೈಲಿನ ಅವಸರ, ನಿಮಗಿಬ್ಬರಿಗೆ ಫೋನಿನಿಂದ ಕಣ್ಣು ಕೀಳುವುದಾಗದು. "ಅಜ್ಜಿ, ಹಾಲು ಗರಮ್!" "ಅವ್ವಾ, ಪಲ್ಯ!" ಎಂದು ಎಲ್ಲ ಕಡೆಯಿಂದ ಕೂಗು. ಈಗ ನಾನು ಅದರ ಮುಂದೆ ಒಂದು ಮಣೆ ಹಾಕಿಕೊಂಡೇ ಕೂತಿರುತ್ತೇನೆ. ಸಿಂದಗಿಯ ಕಡೆ ನಮ್ಮವ್ವ ಒಲೆಯ ಮುಂದೆ ಹೀಗೆಯೇ ಕೂರುತ್ತಿದ್ದಳು, ವ್ಯತ್ಯಾಸವೆಂದರೆ ಅವಳಿಗೆ ಊದುಗೊಳವೆ, ನನಗೆ ಗುಂಡಿ. ಬೇಡವೆಂದು ಊರೆಲ್ಲ ಸುತ್ತಿಸಿದ ಯಂತ್ರವನ್ನು ಈ ಮನೆಯಲ್ಲಿ ನಡೆಸುವವಳು ನಾನೊಬ್ಬಳೇ. ರೊಟ್ಟಿಯ ಅಳತೆಗೆಂದು ತಂದ ಮೂವತ್ತೆರಡು ಲೀಟರಿನಲ್ಲಿ ರೊಟ್ಟಿಯೊಂದನ್ನು ಮಾತ್ರ ಬಿಸಿ ಮಾಡುವಂತಿಲ್ಲ, ಚಪ್ಪಲಿಯ ಅಟ್ಟೆಯ ಹಾಗೆ ಗಟ್ಟಿಯಾಗುತ್ತದೆ. ನನ್ನ ಹೆಸರೇನೂ ಕೆಟ್ಟಿಲ್ಲ. ಜೋಶಿ ಕಾಕು ಮೊನ್ನೆ ತಮ್ಮ ಮಗಳನ್ನೇ ಕರೆತಂದು ಯಾವುದು ಕೊಳ್ಳಲೆಂದು ಕೇಳಿಸಿದರು. ಮೊದಲು ಮನೆಯ ಮುದುಕಿಯನ್ನು ಎಲ್ಲಿ ನಿಲ್ಲುತ್ತೀ ಎಂದು ಕೇಳವ್ವಾ ಎನ್ನಬೇಕೆಂದುಕೊಂಡೆ. ಕಾಕು ಎದುರಿಗೇ ಇದ್ದರು. "ಮೂವತ್ತೆರಡು ಲೀಟರ್ ಛಲೋ" ಎಂದೆ.

ಒಂದು ಉಪಯೋಗ ಮಾತ್ರ ನಾನೇ ಕಂಡುಹಿಡಿದೆ. ಮಳೆಗಾಲದಲ್ಲಿ ಈ ಊರಿನ ಗಾಳಿಗೆ ಖಡಕ್ ರೊಟ್ಟಿ ಒಂದು ದಿನ ಗರಿಗರಿ ನಿಲ್ಲುವುದಿಲ್ಲ. ಹಾಲು ಬಿಸಿ ಮಾಡಿ ತೆಗೆದ ಮೇಲೆ ಮೈಕ್ರೋವೇವಿನ ಒಳಗನ್ನು ಒರೆಸಿ, ಬೆಚ್ಚಗಿರುವಾಗಲೇ ರೊಟ್ಟಿಗಳನ್ನು ಒಳಗಿಟ್ಟು ಬಾಗಿಲು ಹಾಕಿದರೆ ಸಂಜೆಯವರೆಗೂ ಮುರಿದರೆ ಚಟ್ ಎನ್ನುತ್ತವೆ. ಕಾಗದವೂ ಹಾಗೆಯೇ, ಮೆತ್ತಗಾಗಿ ಅಕ್ಷರ ಹರಡುತ್ತದೆ. ಅದಕ್ಕೇ ತನ್ವಿ, ಸೋಹಂ, ಈ ಹಾಳೆಗಳನ್ನು ಅಲ್ಲಿಯೇ ರೊಟ್ಟಿಗಳ ಕೆಳಗೆ ಇಟ್ಟಿರುತ್ತೇನೆ. ನಿಮಗೆ ಕನ್ನಡ ಅಕ್ಷರ ಕೂಡುವವರೆಗೆ ಇವನ್ನು ಜೋಪಾನ ಮಾಡಿ. ಗುಂಡಿ ತಿರುಗಿಸುವ ಮೊದಲು ಒಳಗೊಮ್ಮೆ ನೋಡಿ. ನಾನು ಮಣೆಯ ಮೇಲೆ ಅಲ್ಲೇ ಕೂತಿರುತ್ತೇನೆ, ನಿಜ. ಆದರೆ ನೀವು ಬಂದು "ಅಜ್ಜಿ, ಒಳಗ ಏನೂ ಇಲ್ಲಲ್ಲಾ?" ಎಂದು ಕೇಳಿದರೆ, "ಏನಿಲ್ಲಪಾ" ಎಂದುಬಿಡುತ್ತೇನೇನೋ ಎಂಬ ಭಯ ನನಗಿದೆ.